ಮದುವೆ ಸುದ್ದಿಯ ನಾಲ್ಕು ಸಾಲಿನಿಂದ ಮನೆತನದ ಬೇರಿಗೆ

ಉತ್ತರ ಕನ್ನಡದಲ್ಲಿ ವಂಶಾವಳಿ ಬರೆಯಲು ಹೊರಟವರು ಸಾಮಾನ್ಯವಾಗಿ ಮೊದಲು ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿಗೆ ಹೋಗುತ್ತಾರೆ. ಪಹಣಿಯಲ್ಲಿ, ಹಕ್ಕು ಬದಲಾವಣೆಯ ನೋಂದಣಿಯಲ್ಲಿ ಗಂಡಸರ ಸಾಲು ಚೆನ್ನಾಗಿಯೇ ಸಿಗುತ್ತದೆ: ಅಜ್ಜ, ಅವನ ಅಪ್ಪ, ಪಾಲು ತೆಗೆದುಕೊಂಡ ದಾಯಾದಿಗಳು. ಹೆಂಗಸರು ಮಾತ್ರ ‘ಕೋಂ’ ಎಂಬಲ್ಲಿಗೆ ನಿಂತುಬಿಡುತ್ತಾರೆ. ‘ಗೌರಿ ಕೋಂ ಗಣಪತಿ ಹೆಗಡೆ’ ಎಂದರೆ ಗಣಪತಿ ಹೆಗಡೆಯ ಹೆಂಡತಿ ಗೌರಿ, ಅಷ್ಟೇ. ಅವಳು ಯಾವ ಊರಿನಿಂದ ಬಂದವಳು, ಯಾರ ಮಗಳು, ತವರಿನಲ್ಲಿ ಅವಳನ್ನು ಏನೆಂದು ಕರೆಯುತ್ತಿದ್ದರು ಎಂಬುದಕ್ಕೆಲ್ಲ ಜಮೀನಿನ ಕಾಗದದಲ್ಲಿ ಜಾಗವಿಲ್ಲ.

ಈ ಕೊರತೆಯನ್ನು ಹಳೆಯ ಸ್ಥಳೀಯ ಪತ್ರಿಕೆಗಳ ಮದುವೆ ಪ್ರಕಟಣೆ ತುಂಬಿಕೊಡುತ್ತದೆ. ಎರಡು ಮನೆ, ಎರಡು ಊರು, ಒಂದು ತಿಥಿ ಒಂದೇ ವಾಕ್ಯದಲ್ಲಿ ಸೇರುವುದು ಅಲ್ಲಿ. ಅಜ್ಜಿಯ ತವರು, ಆ ತವರಿನ ಸೊಸೆಯ ತವರು ಎಂದು ಹಿಂದಕ್ಕೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ. ಆದರೆ ಪ್ರಕಟಣೆ ಸಿಕ್ಕ ಕೂಡಲೇ ಅದನ್ನು ವಂಶವೃಕ್ಷಕ್ಕೆ ಅಂಟಿಸಿದರೆ ತಪ್ಪು ಕೊಂಬೆ ಬೆಳೆಯುತ್ತದೆ. ಅದನ್ನು ಓದುವುದಕ್ಕೂ ಪರೀಕ್ಷಿಸುವುದಕ್ಕೂ ಒಂದು ಕ್ರಮ ಇದೆ.

ಯಾವ ಪತ್ರಿಕೆಯಲ್ಲಿ ಹುಡುಕಬೇಕು

ಈ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹಾಗಾಗಿ 1956ಕ್ಕಿಂತ ಹಿಂದಿನ ಮದುವೆಯನ್ನು ಬೆಂಗಳೂರಿನ ಪತ್ರಿಕೆಯಲ್ಲಿ ಹುಡುಕುವುದು ಬಹುಮಟ್ಟಿಗೆ ವ್ಯರ್ಥ. ಆಗಿನ ಮನೆಗಳು ನೋಡುತ್ತಿದ್ದುದು ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಮುಂಬಯಿ ಕಡೆಗೆ. ಕುಮಟೆಯ ‘ಕಾನಡಾ ವೃತ್ತ’ದಂಥ ವಾರಪತ್ರಿಕೆಗಳು, 1933ರಿಂದ ದಿನಪತ್ರಿಕೆಯಾಗಿ ಬಂದ ‘ಸಂಯುಕ್ತ ಕರ್ನಾಟಕ’ ಮೊದಲ ಆಯ್ಕೆ. ಕಾರವಾರ, ಹಳಿಯಾಳ, ಸೂಪಾ ಕಡೆಯ ಕೊಂಕಣಿ–ಮರಾಠಿ ಮನೆಗಳಾದರೆ ಬೆಳಗಾವಿಯ ಮರಾಠಿ ‘ತರುಣ ಭಾರತ’ವನ್ನೂ ನೋಡಬೇಕು. ಭಟ್ಕಳ, ಹೊನ್ನಾವರದ ಮನೆಗಳು ದಕ್ಷಿಣಕ್ಕೆ ಹೆಣ್ಣು ಕೊಟ್ಟು ತಂದವು. 1970ರಿಂದೀಚೆಗೆ ಮಣಿಪಾಲದ ‘ಉದಯವಾಣಿ’ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಇನ್ನೂ ಈಚಿನದಕ್ಕೆ ಶಿರಸಿಯ ‘ಲೋಕಧ್ವನಿ’, ಕರಾವಳಿಯಲ್ಲಿ ‘ಕರಾವಳಿ ಮುಂಜಾವು’ ಇವೆ.

ಸಮಾಜದ ಮಾಸಪತ್ರಿಕೆಗಳನ್ನು ಜನ ಮರೆಯುತ್ತಾರೆ. ಚಿತ್ರಾಪುರ ಸಾರಸ್ವತರ ‘ಕೆನರಾ ಸಾರಸ್ವತ’ ಮುಂಬಯಿಯಿಂದ ಬರುವ ಪತ್ರಿಕೆ. ಅದರ ‘ಡೊಮೆಸ್ಟಿಕ್ ಟೈಡಿಂಗ್ಸ್’ ಅಂಕಣದಲ್ಲಿ ಜನನ, ಮದುವೆ, ಮರಣ ಒಂದೇ ಕಡೆ ಇರುತ್ತವೆ. ಶಿರಾಲಿ, ಮಲ್ಲಾಪುರ, ಗೋಕರ್ಣ ಮೂಲದ ಮನೆ ಮುಂಬಯಿ ಸೇರಿ ಎರಡು ತಲೆಮಾರಾಗಿದ್ದರೆ ಊರಿನ ಪತ್ರಿಕೆಗಿಂತ ಇದೇ ಮೇಲು.

ಹಳೆಯ ಸಂಚಿಕೆಗಳು ಎಲ್ಲಿವೆ? ಮೊದಲು ಪತ್ರಿಕಾ ಕಚೇರಿಯ ಅಟ್ಟ. ಆಮೇಲೆ ಕಾರವಾರದ ಜಿಲ್ಲಾ ಕೇಂದ್ರ ಗ್ರಂಥಾಲಯ, ಹಳೆಯ ಕಾಲೇಜುಗಳ ಗ್ರಂಥಾಲಯ, ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ. 1954ರ ಪುಸ್ತಕ ಸಲ್ಲಿಕೆ ಕಾಯಿದೆಯನ್ನು 1956ರಲ್ಲಿ ಪತ್ರಿಕೆಗಳಿಗೂ ವಿಸ್ತರಿಸಿದ್ದರಿಂದ, ಆ ನಂತರದ ಸಂಚಿಕೆಗಳು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮರಾ, ಮುಂಬಯಿ, ದೆಹಲಿಯ ಗ್ರಂಥಾಲಯಗಳಿಗೆ ಹೋಗಬೇಕಿತ್ತು. ಹೋಗಬೇಕಿತ್ತು ಎಂದಷ್ಟೇ, ಸಣ್ಣ ವಾರಪತ್ರಿಕೆಯ ಎಲ್ಲ ಸಂಚಿಕೆ ಅಲ್ಲಿರುತ್ತದೆಂದು ನಂಬಿ ರೈಲು ಹತ್ತಬೇಡಿ, ಮೊದಲು ಪತ್ರ ಬರೆದು ವರ್ಷ ಹೇಳಿ ಕೇಳಿ. ಎಲ್ಲಕ್ಕಿಂತ ಹತ್ತಿರದ ಭಂಡಾರ ಮನೆಯ ಮಾಳಿಗೆಯೇ. ಕಪಾಟಿನ ಹಲಗೆಗೆ, ಟ್ರಂಕಿನ ತಳಕ್ಕೆ ಹಾಸಿದ ಪತ್ರಿಕೆಯನ್ನು ಬಿಸಾಡುವ ಮೊದಲು ನಾಲ್ಕೂ ಪುಟ ನೋಡಿ. ಮನೆಯ ಮದುವೆ ಬಂದ ಸಂಚಿಕೆಯನ್ನೇ ಎತ್ತಿಟ್ಟಿರುವ ಸಾಧ್ಯತೆ ಹೆಚ್ಚು.

ಮದುವೆ ಎಂದು ಬರೆದಿಲ್ಲದ ಮದುವೆ ಸುದ್ದಿ

ಕಾಸು ಕೊಟ್ಟು ಹಾಕಿಸಿದ ಆಮಂತ್ರಣ ಒಂದು ಬಗೆ. ಊರ ಬಾತ್ಮೀದಾರ ಬರೆದು ಕಳಿಸಿದ ಎರಡು ಸಾಲಿನ ವಾರ್ತೆ ಇನ್ನೊಂದು. ಇವೆರಡನ್ನೇ ಹುಡುಕಿ ಸಿಗಲಿಲ್ಲವೆಂದು ಕೈಬಿಡುವವರು ಬಹಳ. ಆದರೆ ಮದುವೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಶಾಲೆಗೋ ದೇವಸ್ಥಾನದ ಜೀರ್ಣೋದ್ಧಾರಕ್ಕೋ ಬಂದ ದೇಣಿಗೆಯ ಪಟ್ಟಿಯಲ್ಲಿ ‘ಮಗಳ ಲಗ್ನ ನಿಮಿತ್ತ ರೂ. 5’ ಎಂದಿರುತ್ತದೆ. ಗೆಳೆಯರು, ಸಹೋದ್ಯೋಗಿಗಳು ಹಾಕಿಸಿದ ಶುಭಾಶಯದಲ್ಲಿ ವರನ ನೌಕರಿಯ ವಿವರ ಸಿಗುತ್ತದೆ. ಮದುವೆಯ ನಂತರ ಹೆಸರು ಬದಲಿಸಿಕೊಂಡವರ ಅಫಿಡವಿಟ್ ಪ್ರಕಟಣೆ ಚಿಕ್ಕದಾದರೂ ಚಿನ್ನ: ತವರಿನ ಹೆಸರು, ಗಂಡನ ಮನೆಯ ಹೆಸರು ಎರಡೂ ಅದರಲ್ಲಿವೆ. ಐವತ್ತನೇ ವರ್ಷದ ಸಮಾರಂಭದ ಸುದ್ದಿಯಿಂದ ಮದುವೆಯ ವರ್ಷ ಲೆಕ್ಕ ಹಾಕಬಹುದು. ‘ವಧು ಬೇಕಾಗಿದೆ’ ಜಾಹೀರಾತಿನಿಂದ ಪ್ರಯೋಜನ ಕಡಿಮೆ; ಅಲ್ಲಿ ಹೆಸರಿನ ಬದಲು ಬಾಕ್ಸ್ ನಂಬರು.

ನಿಧನ ವಾರ್ತೆಯನ್ನು ಬೇರೆಯಾಗಿ ಹೇಳಬೇಕು, ಏಕೆಂದರೆ ಹುಡುಕಾಟ ಶುರುವಾಗಬೇಕಾದ್ದೇ ಅಲ್ಲಿಂದ. ಅಜ್ಜಿ ತೀರಿಕೊಂಡ ತಾರೀಖು ಮನೆಯಲ್ಲಿ ಯಾರಿಗಾದರೂ ಗೊತ್ತಿರುತ್ತದೆ, ಶ್ರಾದ್ಧದ ತಿಥಿಯಾದರೂ ಇರುತ್ತದೆ. ಆ ವಾರದ ಪತ್ರಿಕೆಯಲ್ಲಿ ಮಕ್ಕಳು, ಅಳಿಯಂದಿರು, ಅಣ್ಣತಮ್ಮಂದಿರು ಊರಿನ ಹೆಸರಿನ ಸಮೇತ ಸಿಗುತ್ತಾರೆ. ಅಲ್ಲಿಂದ ಒಂದೊಂದೇ ಮದುವೆಯ ಕಡೆಗೆ ಹಿಂದೆ ಹೋಗುವುದು ಸುಲಭ.

ಓದುವ ಬಗೆ

ಆ ಕಾಲದ ಧಾಟಿಯಲ್ಲಿ ವಿವರಣೆಗೆಂದೇ ಕಟ್ಟಿದ ಒಂದು ಮಾದರಿ ಹೀಗಿದೆ:

‘ನಮ್ಮ ದ್ವಿತೀಯ ಪುತ್ರ ಚಿ. ರಾ. ಸುಬ್ರಾಯ (ಹಾಲಿ ಮು. ಮುಂಬಯಿ) ಇವನ ಶರೀರಸಂಬಂಧವು ಮು. ಬಾಡ ತಾ. ಕುಮಟಾ ಕೈ. ವೆಂಕಟ್ರಮಣ ಶಾನಭಾಗ ಇವರ ಕನಿಷ್ಠ ಕನ್ಯೆ ಚಿ. ಸೌ. ಕಾಂ. ಸರಸ್ವತಿ ಇವಳೊಡನೆ ನಂದನ ಸಂ. ವೈಶಾಖ ಶು. 10 ರವಿವಾರ ವಧೂಗೃಹದಲ್ಲಿ ಜರುಗುವುದು. ಆಮಂತ್ರಿಸುವವರು: ಗಣಪತಿ ಸುಬ್ರಾಯ ಪ್ರಭು. ಅಪೇಕ್ಷಿಸುವವರು: ಮಂಜುನಾಥ ಸುಬ್ರಾಯ ಪ್ರಭು, ರಾಮ ಗಣಪತಿ ಪ್ರಭು. ವಧುವಿನ ಪರವಾಗಿ: ನಾಗೇಶ ವೆಂಕಟ್ರಮಣ ಶಾನಭಾಗ.’

ಇಲ್ಲಿ ‘ಶರೀರಸಂಬಂಧ’ ಎಂದರೆ ಮದುವೆ, ‘ಮು.’ ಎಂದರೆ ಮುಕ್ಕಾಂ (ವಾಸದ ಊರು), ‘ಚಿ. ಸೌ. ಕಾಂ.’ ಎಂದರೆ ಚಿರಂಜೀವಿ ಸೌಭಾಗ್ಯಕಾಂಕ್ಷಿಣಿ, ‘ಸಂ.’ ಸಂವತ್ಸರ, ‘ಶು.’ ಶುದ್ಧ. ಹೆಚ್ಚಿನವರು ವಧೂವರರ ಹೆಸರು ಬರೆದುಕೊಂಡು ಮುಗಿಸುತ್ತಾರೆ. ನಿಜವಾದ ಸರಕು ಇರುವುದು ಕೆಳಗೆ, ಕರೆಯುವವರ ಹೆಸರುಗಳಲ್ಲಿ. ಮುಂಬಯಿ ಪ್ರಾಂತ್ಯದ ರೂಢಿಯಂತೆ ಇಲ್ಲಿ ಸ್ವಂತ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಈ ಕ್ರಮದಲ್ಲಿ ಬರುತ್ತವೆ. ಗಣಪತಿ ಸುಬ್ರಾಯ, ಮಂಜುನಾಥ ಸುಬ್ರಾಯ ಎಂದಾಗ ಅವರು ಅಣ್ಣತಮ್ಮಂದಿರಿರಬೇಕು, ಅವರ ಅಪ್ಪ ಸುಬ್ರಾಯ. ಅಂದರೆ ವರನಿಗೆ ಅಜ್ಜನ ಹೆಸರನ್ನೇ ಇಟ್ಟಿದ್ದಾರೆ. ರಾಮ ಗಣಪತಿ ವರನ ಅಣ್ಣನಿರಬಹುದು, ಏಕೆಂದರೆ ವರ ದ್ವಿತೀಯ ಪುತ್ರ. ವಧುವಿನ ತಂದೆಯ ಹೆಸರಿನ ಹಿಂದೆ ‘ಕೈ.’ (ಕೈಲಾಸವಾಸಿ) ಇರುವುದರಿಂದ ಮದುವೆಗೆ ಮೊದಲೇ ಅವರು ತೀರಿಕೊಂಡಿದ್ದಾರೆ; ನಾಗೇಶ ಅವಳ ಅಣ್ಣನಿರಬೇಕು. ನಾಲ್ಕು ಸಾಲಿನಿಂದ ಮೂರು ತಲೆಮಾರು ಹೊರಬಂತು.

ಆದರೆ ‘ಇರಬೇಕು’, ‘ಇರಬಹುದು’ಗಳನ್ನು ಹಾಗೆಯೇ ಬರೆದಿಡಿ. ಕೂಡುಕುಟುಂಬದಲ್ಲಿ ದೊಡ್ಡಪ್ಪನೇ ಯಜಮಾನನಾದರೆ ‘ನಮ್ಮ ಚಿರಂಜೀವಿ’ ಎಂದು ತಮ್ಮನ ಮಗನ ಮದುವೆಗೂ ಅವನೇ ಕರೆಯುತ್ತಾನೆ. ‘ಸಹೋದರ’ ಎಂದು ಅಚ್ಚಾದವನು ಚಿಕ್ಕಪ್ಪನ ಮಗನಾಗಿರಬಹುದು. ದತ್ತಕ ಹೋದವನಿಗೆ ಅಪ್ಪನ ಜಾಗದಲ್ಲಿ ದತ್ತಕ ತಂದೆಯ ಹೆಸರು ಬರುತ್ತದೆ, ಹುಟ್ಟಿದ ಮನೆಯ ಸುಳಿವೇ ಇರುವುದಿಲ್ಲ. ‘ದ್ವಿತೀಯ ಪುತ್ರ’ ಎಂಬುದು ಕೂಡ ಬದುಕುಳಿದ ಮಕ್ಕಳ ಲೆಕ್ಕವಾಗಿರಬಹುದು.

ಹೆಸರೆಂಬ ಕಗ್ಗಂಟು

ಈ ಜಿಲ್ಲೆಯಲ್ಲಿ ಅಡ್ಡಹೆಸರನ್ನು ನಂಬಿ ಹುಡುಕಿದವರು ಸೋತಂತೆಯೇ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಹೆಗಡೆ, ಭಟ್ಟ ಎಂದರೆ ಊರಿಗೆ ಊರೇ ಬರುತ್ತದೆ. ‘ನಾಯಕ’ ಅಂಕೋಲೆಯ ನಾಡವರಲ್ಲಿಯೂ ಇದೆ, ಗೌಡ ಸಾರಸ್ವತರಲ್ಲಿಯೂ ಇದೆ; ನಾಮಧಾರಿಗಳು, ಕೋಮಾರಪಂತರು ಬರೆಯುವುದು ‘ನಾಯ್ಕ’. ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವವನಿಗೆ ಈ ಭೇದ ಗೊತ್ತಿರಲೇಬೇಕೆಂದಿಲ್ಲ, ಒಂದೇ ಮನೆ ಎರಡು ಸಂಚಿಕೆಯಲ್ಲಿ ಎರಡು ರೀತಿ ಅಚ್ಚಾಗಿರುತ್ತದೆ. ಹಾಗೆಯೇ ಹೆಗಡೆ–ಹೆಗ್ಡೆ, ಶಾನಭಾಗ–ಶ್ಯಾನಭಾಗ–ಶಾನಭೋಗ, ಗಾಂವಕರ–ಗಾಂವ್ಕರ–ಗಾವಂಕರ, ಸುಬ್ರಾಯ–ಸುಬ್ಬರಾಯ. ಹುಡುಕಲು ಕೂರುವ ಮುನ್ನ ಎಲ್ಲ ರೂಪಗಳನ್ನೂ ಒಂದು ಚೀಟಿಯಲ್ಲಿ ಬರೆದು ಎದುರಿಗಿಟ್ಟುಕೊಳ್ಳಿ. ಮೂಲ ಊರು ಬಿಟ್ಟು ಬಂದವರು ಊರಿನ ಹೆಸರಿಗೆ ‘ಕರ’ ಸೇರಿಸಿ ಹೊಸ ಅಡ್ಡಹೆಸರು ಮಾಡಿಕೊಂಡಿದ್ದೂ ಇದೆ. ಅಣ್ಣ ಪ್ರಭುವಾಗಿಯೇ ಉಳಿದು ತಮ್ಮ ಊರಿನ ಹೆಸರು ಹೊತ್ತರೆ ಎರಡು ಬೇರೆ ಮನೆತನದಂತೆ ಕಾಣುತ್ತದೆ.

ಭರವಸೆಯ ಗುರುತು ಅಡ್ಡಹೆಸರಲ್ಲ, ಊರು. ಗ್ರಾಮವಷ್ಟೇ ಸಾಲದು, ಮಜರೆ, ಕೇರಿ, ಮನೆಯ ಹೆಸರಿನವರೆಗೆ ಹೋಗಬೇಕು. ಮೇಲಿನಮನೆ, ಕೆಳಗಿನಕೇರಿ ಎಂಬ ಒಂದು ಮಾತು ಒಂದೇ ಊರಿನ ಹತ್ತು ಗಣಪತಿ ಹೆಗಡೆಗಳಲ್ಲಿ ನಿಮ್ಮವನನ್ನು ಆರಿಸಿಕೊಡುತ್ತದೆ. ಊರೂ ಕೆಲವೊಮ್ಮೆ ಕೈಕೊಡುತ್ತದೆ. ಕಾಳಿ ನದಿಯ ಅಣೆಕಟ್ಟಿನಲ್ಲಿ ಹಳೆಯ ಸೂಪಾ ಮುಳುಗಿ ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ–ಅಂಕೋಲೆ ದಂಡೆಯ ಊರುಗಳು ಒಕ್ಕಲೆದ್ದವು. ಪ್ರಕಟಣೆಯ ಊರು ಈಗಿನ ನಕ್ಷೆಯಲ್ಲಿ ಸಿಗದಿದ್ದರೆ ಅಚ್ಚಿನ ತಪ್ಪೆನ್ನುವ ಮೊದಲು ಹಳೆಯ ನಕ್ಷೆ ನೋಡಿ.

ಇನ್ನೊಂದು ಬಲೆ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ರೂಢಿ. ಗಣಪತಿ ಸುಬ್ರಾಯ, ಸುಬ್ರಾಯ ಗಣಪತಿ, ಮತ್ತೆ ಗಣಪತಿ ಸುಬ್ರಾಯ. ಮೊದಲನೆಯವನಿಗೂ ಮೂರನೆಯವನಿಗೂ ಐವತ್ತು ವರ್ಷದ ಅಂತರವಿರಬಹುದು, ಹೆಸರು ಮಾತ್ರ ಅಕ್ಷರಶಃ ಒಂದೇ. ಮೂವರು ಅಣ್ಣತಮ್ಮಂದಿರೂ ಹಿರಿಮಗನಿಗೆ ಅದೇ ಅಜ್ಜನ ಹೆಸರಿಟ್ಟರೆ ಒಂದೇ ವಯಸ್ಸಿನ ಮೂವರು ಗಣಪತಿಯರು. ಅಪ್ಪನ ಹೆಸರು ನೋಡದೆ ಬಿಡಿಸಲಾಗದು. ವಧುವಿನ ವಿಷಯದಲ್ಲಿ ತೊಡಕು ಬೇರೆ: ಕೊಂಕಣಿ ಮನೆಗಳಲ್ಲಿ ಮದುವೆಯ ದಿನ ಅಕ್ಕಿಯ ಮೇಲೆ ಹೊಸ ಹೆಸರು ಬರೆದು ಸೊಸೆಗೆ ಕೊಡುವ ಪದ್ಧತಿಯಿತ್ತು. ಪ್ರಕಟಣೆಯ ಸರಸ್ವತಿ, ಪಹಣಿಯಲ್ಲಿ ರಾಧಾಬಾಯಿ. ಇಬ್ಬರೂ ಒಬ್ಬಳೇ ಎನ್ನಲು ಗಂಡನ ಪೂರ್ತಿ ಹೆಸರು ಮತ್ತು ಊರು ಎರಡೂ ಹೊಂದಬೇಕು.

ತಿಥಿಯಿಂದ ತಾರೀಖಿಗೆ

ಮಾದರಿಯಲ್ಲಿ ಇಸವಿ ಇಲ್ಲ, ‘ನಂದನ ಸಂವತ್ಸರ’ ಇದೆ. ಅರವತ್ತು ಸಂವತ್ಸರದ ಮೊದಲನೆಯದು ಪ್ರಭವ. ಅದು 1927ರ ಯುಗಾದಿಗೆ ಶುರುವಾಯಿತು, ಮತ್ತೆ ಬಂದಿದ್ದು 1987ಕ್ಕೆ. ನಂದನ ಪಟ್ಟಿಯಲ್ಲಿ 26ನೆಯದು, 1927ಕ್ಕೆ 25 ಕೂಡಿಸಿದರೆ 1952. ಅದೇ ನಂದನ 1892ರಲ್ಲೂ 2012ರಲ್ಲೂ ಬಂದಿದೆ; ಪತ್ರಿಕೆಯ ಶಿರೋಭಾಗ ಹರಿದುಹೋಗಿದ್ದರೆ ಅಚ್ಚು, ಜಾಹೀರಾತುಗಳಿಂದ ಯಾವ ಸುತ್ತೆಂದು ತಿಳಿಯಬೇಕು. ಶಾಲಿವಾಹನ ಶಕೆ ಕೊಟ್ಟಿದ್ದರೆ 78 ಕೂಡಿಸಿ: 1874 ಎಂದರೆ 1952.

ಜನ ಎಡವುವುದು ಮಾಘ, ಫಾಲ್ಗುಣದಲ್ಲಿ. ಜನವರಿ ಬಂದರೂ ಶಕೆ ಯುಗಾದಿಯವರೆಗೆ ಬದಲಾಗುವುದಿಲ್ಲ. ಆದ್ದರಿಂದ ಶಕೆ 1874ರ ಮಾಘದ ಮದುವೆ 1953ರದು; ಅಲ್ಲಿ ಕೂಡಿಸಬೇಕಾದ್ದು 79. ಮಾಘ, ಫಾಲ್ಗುಣಗಳೇ ಮದುವೆಯ ತಿಂಗಳಾದ್ದರಿಂದ ಈ ಒಂದು ವರ್ಷದ ತಪ್ಪು ಕೈಬರಹದ ವಂಶಾವಳಿಗಳ ತುಂಬ ಇದೆ. ವಾರವನ್ನು ಅಗತ್ಯ ತಾಳೆ ನೋಡಿ. ಕಂಪ್ಯೂಟರಿನ ಪಂಚಾಂಗದಲ್ಲಿ 1952ರ ವೈಶಾಖ ಶುದ್ಧ ದಶಮಿ ಮೇ 4ಕ್ಕೆ ಬರುತ್ತದೆ, ಅಂದು ರವಿವಾರ, ಮಾದರಿ ಹೊಂದುತ್ತದೆ. ವಾರ ಒಂದು ದಿನ ಆಚೀಚೆಯಾದರೆ ಗಾಬರಿ ಬೇಡ, ಪಂಚಾಂಗದಿಂದ ಪಂಚಾಂಗಕ್ಕೆ ತಿಥಿ ಅಷ್ಟು ಸರಿಯುತ್ತದೆ. ಎರಡು ದಿನ ತಪ್ಪಿದರೆ ವರ್ಷವನ್ನೇ ಶಂಕಿಸಿ. ರಾತ್ರಿ ಮುಹೂರ್ತದ್ದು ಇನ್ನೊಂದು ಗೊಂದಲ: ಪಂಚಾಂಗದ ದಿನ ಸೂರ್ಯೋದಯಕ್ಕೆ ಬದಲಾಗುತ್ತದೆ, ಗಡಿಯಾರದ ದಿನ ನಡುರಾತ್ರಿಗೆ. ರವಿವಾರ ರಾತ್ರಿ ಎರಡು ಗಂಟೆಯ ಧಾರೆ ನಮ್ಮ ಲೆಕ್ಕಕ್ಕೆ ಸೋಮವಾರದ ತಾರೀಖು.

ಇದೇ ಪಂಚಾಂಗ ನಿಮ್ಮ ಕೆಲಸವನ್ನೂ ಕಡಿಮೆ ಮಾಡುತ್ತದೆ. ನಾಲ್ಕು ಪುಟದ ವಾರಪತ್ರಿಕೆ ವರ್ಷಕ್ಕೆ 52 ಸಂಚಿಕೆ, 208 ಪುಟ. ಪುಟಕ್ಕೆ ಒಂದು ನಿಮಿಷವೆಂದರೂ ವರ್ಷಕ್ಕೆ ಮೂರೂವರೆ ಗಂಟೆ. ಆದರೆ ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ, ಅಧಿಕಮಾಸದಲ್ಲಿ ಹಿಂದೂ ಮನೆಗಳಲ್ಲಿ ಮದುವೆಯಿಲ್ಲ, ನಮ್ಮ ಕಡೆಯ ಮಳೆಯಲ್ಲಿ ಚಪ್ಪರವೂ ನಿಲ್ಲದು. ತುಳಸಿ ಮದುವೆಯಿಂದ ಡಿಸೆಂಬರ್ ಮಧ್ಯದವರೆಗೆ, ಮತ್ತೆ ಜನವರಿ ಕೊನೆಯಿಂದ ಜೂನ್ ಮೊದಲ ವಾರದವರೆಗೆ ನೋಡಿದರೆ ಅರ್ಧ ಕೆಲಸ ಉಳಿಯಿತು. ಊರಿನ ವಾರ್ತೆ ತಡವಾಗಿ ಅಚ್ಚಾಗುವುದರಿಂದ ಮದುವೆಯ ನಂತರದ ನಾಲ್ಕು ಸಂಚಿಕೆ ಬಿಡಬೇಡಿ. 1918–22ರ ಸುಮಾರಿಗೆ ಹುಟ್ಟಿದ ಹೆಣ್ಣಾಗಿದ್ದರೆ 1929ರ ಕೊನೆಯಿಂದ 1930ರ ಮಾರ್ಚ್‌ವರೆಗಿನ ಸಂಚಿಕೆಗಳನ್ನು ಮೊದಲು ತೆಗೆಯಿರಿ: ಬಾಲ್ಯವಿವಾಹ ತಡೆಯುವ ಶಾರದಾ ಕಾಯಿದೆ 1930ರ ಏಪ್ರಿಲ್ 1ರಿಂದ ಜಾರಿಗೆ ಬಂತು, ಅದಕ್ಕೆ ಮೊದಲು ಮುಗಿಸಿಬಿಡುವ ಅವಸರ ದೇಶದಲ್ಲೆಲ್ಲ ಇತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾಗದದ ಅಭಾವದಿಂದ ಪತ್ರಿಕೆಗಳು ಪುಟ ಕಡಿಮೆ ಮಾಡಿದವು. ಆಗಿನ ಮದುವೆ ಸಿಗದಿದ್ದರೆ ಆಶ್ಚರ್ಯವಿಲ್ಲ.

ಎರಡನೇ ಸಾಕ್ಷಿ

ಆಮಂತ್ರಣ ಎಂದರೆ ಮದುವೆ ಆಗುವುದಿತ್ತು ಎಂದಷ್ಟೇ ಅರ್ಥ. ಸೂತಕ ಬಂದು ಮುಂದೆ ಹೋಗಿರಬಹುದು, ಮುರಿದಿರಲೂಬಹುದು. ಇನ್ನೊಂದು ದಾಖಲೆ ಒಪ್ಪುವವರೆಗೆ ಪೆನ್ಸಿಲ್ಲಿನಲ್ಲೇ ಬರೆಯಿರಿ. ಅತ್ಯುತ್ತಮ ಸಾಕ್ಷಿ ವಧುವಿನ ತವರಿನ ವಾರಸಾ ನೋಂದಣಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಹೆಣ್ಣುಮಕ್ಕಳೂ ತಂದೆಯ ಪ್ರಥಮ ವರ್ಗದ ವಾರಸುದಾರರು. ಅದರ ನಂತರ ತೀರಿಕೊಂಡವರ ಆಸ್ತಿ ಬದಲಾವಣೆಯಲ್ಲಿ ಮದುವೆಯಾದ ಮಗಳು ಗಂಡನ ಹೆಸರಿನ ಸಮೇತ ಕಾಣಿಸಬಹುದು. ಹೆಣ್ಣುಮಕ್ಕಳಿಂದ ಹಕ್ಕುಬಿಡುಗಡೆ ಪತ್ರ ಬರೆಸಿಕೊಂಡಿದ್ದರೆ ಉಪನೋಂದಣಿ ಕಚೇರಿಯಲ್ಲಿ ಅದರ ನಕಲು ಕೇಳಿ. ಅದರಲ್ಲಿ ವಯಸ್ಸೂ ವಾಸದ ಊರೂ ಇರುತ್ತವೆ. ಗಂಡನ ಊರಿನ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹಿರಿಮಗುವಿನ ಜನ್ಮದಿನಾಂಕ ನೋಡಿದರೆ ಮದುವೆಯ ವರ್ಷ ಸಂಭವನೀಯವೋ ಅಲ್ಲವೋ ತಿಳಿಯುತ್ತದೆ. ಆ ದಿನಾಂಕವನ್ನೂ ಮಾಸ್ತರರು ಅಂದಾಜಿನಲ್ಲಿ ಬರೆದಿರಬಹುದೆಂಬ ನೆನಪಿರಲಿ.

ಗೋವಾದ ಕಾಣಕೋಣದ ಕಡೆಯಿಂದ ಹೆಣ್ಣು ತಂದ ಕಾರವಾರದ ಮನೆಗಳಿಗೆ ಅದೃಷ್ಟವಿದೆ. ಗೋವಾ 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರ ಕೈಯಲ್ಲಿದ್ದು, ಅಲ್ಲಿ 1914ರಿಂದಲೇ ಜನನ, ವಿವಾಹಗಳ ಸಿವಿಲ್ ನೋಂದಣಿ ನಡೆದಿದೆ. ಪುಸ್ತಕ ಪೋರ್ಚುಗೀಸ್ ಭಾಷೆಯಲ್ಲಿರುತ್ತದೆ, ಹೆಸರಿನ ಕಾಗುಣಿತ ಗುರುತೇ ಸಿಗದಂತಿರುತ್ತದೆ, ಆದರೂ ತಂದೆತಾಯಿ ಮತ್ತು ಊರು ಬರೆದಿರುತ್ತಾರೆ.

ಫೋಟೋ ತೆಗೆಯುವಾಗ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳೆಯ ಕಟ್ಟು ಬಿಚ್ಚಬೇಡಿ. ತೇವ ಹೀರಿದ ಪತ್ರಿಕೆ ಮಡಿಕೆಯಲ್ಲೇ ಹರಿಯುತ್ತದೆ. ಮಡಿಕೆಯನ್ನು ಒಂದೇ ಸಲ ಬಿಡಿಸದೆ, ಅಡಿಗೆ ರಟ್ಟು ಕೊಟ್ಟು ಪುಟ ತಿರುಗಿಸಿ. ಕೈಗವಸು ಬೇಡ, ತೊಳೆದು ಒರೆಸಿದ ಕೈ ಸಾಕು. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಒಂದು ಪ್ರಕಟಣೆಗೆ ಮೂರು ಚಿತ್ರ: ಪತ್ರಿಕೆಯ ಹೆಸರು–ತಾರೀಖು ಇರುವ ಶಿರೋಭಾಗ, ಇಡೀ ಪುಟ, ಆಮೇಲೆ ಹತ್ತಿರದಿಂದ ಸುದ್ದಿ. ಸುದ್ದಿಯನ್ನಷ್ಟೇ ತೆಗೆದರೆ ಆರು ತಿಂಗಳ ನಂತರ ಅದು ಯಾವ ಸಂಚಿಕೆಯದೆಂದು ದೇವರಿಗೂ ಗೊತ್ತಿರುವುದಿಲ್ಲ. ಫೈಲಿನ ಹೆಸರು ಇಸವಿ, ತಿಂಗಳು, ದಿನ, ಪತ್ರಿಕೆ, ಪುಟ ಈ ಕ್ರಮದಲ್ಲಿರಲಿ, ತಾನಾಗಿ ಸಾಲಿಗೆ ಬರುತ್ತದೆ. ಮನೆಯಲ್ಲಿ ಸಿಕ್ಕ ತುಣುಕಿಗೆ ಸೆಲೋಟೇಪು ಹಚ್ಚುವುದು, ಲ್ಯಾಮಿನೇಶನ್ ಮಾಡಿಸುವುದು ಎರಡೂ ಕೊಲೆಯೇ. ಪಾರದರ್ಶಕ ಪಾಲಿಯೆಸ್ಟರ್ ಲಕೋಟೆಯಲ್ಲಿ ಸಡಿಲವಾಗಿ ಇಡಿ. ಚಿತ್ರದಿಂದ ಅಕ್ಷರ ಎತ್ತುವ ತಂತ್ರಾಂಶಗಳು ಹಳೆಯ ಮೊಳೆಯ ಸವೆದ ಒತ್ತಕ್ಷರಗಳಲ್ಲಿ ಸೋಲುತ್ತವೆ. ‘ಭಟ್ಟ’ ‘ಭಟ’ವಾಗುತ್ತದೆ, ‘ಹೆಗ್ಡೆ’ ಏನೇನೋ ಆಗುತ್ತದೆ. ಹುಡುಕುಪಟ್ಟಿಯಲ್ಲಿ ಸಿಗಲಿಲ್ಲವೆಂದರೆ ಪತ್ರಿಕೆಯಲ್ಲಿ ಇಲ್ಲವೆಂದಲ್ಲ.

ನೋಡಿದ ಸಂಚಿಕೆಗಳ ಪಟ್ಟಿಯಲ್ಲಿ ‘ಸಿಗಲಿಲ್ಲ’, ‘ಸಂಚಿಕೆಯೇ ಇಲ್ಲ’, ‘ಪುಟ 3 ಹರಿದಿದೆ’ ಇವನ್ನು ಬೇರೆ ಬೇರೆಯಾಗಿ ಗುರುತಿಸಿ. ಮುಂದೆ ಇನ್ನೊಂದು ಕಡೆ ಅದೇ ಕಟ್ಟು ಸಿಕ್ಕಾಗ ಹರಿದ ಪುಟವನ್ನಷ್ಟೇ ನೋಡಿದರಾಯಿತು.

ಪತ್ರಿಕೆಗೆ ಬಾರದವರು

ಇಷ್ಟೆಲ್ಲ ಹೇಳಿದ್ದು ಓದುಬರಹ ಮತ್ತು ಜಾಹೀರಾತಿನ ಕಾಸು ಇದ್ದವರ ಮಾತು. ಹಾಲಕ್ಕಿಗಳು, ಮುಕ್ರಿಯರು, ಖಾರ್ವಿಗಳು, ಯಲ್ಲಾಪುರ–ಹಳಿಯಾಳದ ಸಿದ್ದಿಗಳು ಹಳೆಯ ವಾರಪತ್ರಿಕೆಗಳ ಮದುವೆ ಅಂಕಣದಲ್ಲಿ ಕಾಣಿಸುವುದು ಅಪರೂಪ. ಅಲ್ಲಿ ಕೆಲಸ ತಿರುಗಿಸಿ ಮಾಡಬೇಕು: ಶಾಲೆಯ ದಾಖಲಾತಿ, ಗೇಣಿ ಮತ್ತು ಭೂ ನ್ಯಾಯಮಂಡಳಿಯ ಕಡತ, ಮತದಾರರ ಹಳೆಯ ಪಟ್ಟಿ, ಹಿರಿಯ ಹೆಂಗಸರ ನೆನಪು. ಯಾವ ಊರಿನಿಂದ ಯಾವ ಊರಿಗೆ ಹೆಣ್ಣು ಹೋಗಿದೆ ಎಂಬುದನ್ನು ಅವರು ಬಳಿಯ, ಅಂದರೆ ಕುಲದ ಹೆಸರಿನ, ಸಮೇತ ಹೇಳುತ್ತಾರೆ. ಕೇಳುವಾಗ ಗಂಡಸರ ಹೆಸರಿನಿಂದಲ್ಲ, ‘ನಿಮ್ಮ ಅತ್ತೆಯ ತವರು ಎಲ್ಲಿ’ ಎಂದು ಶುರುಮಾಡಿ.

ಭಟ್ಕಳದ ನವಾಯತರಿಗೆ ಜಮಾತಿನ ನಿಕಾಹ್ ಪುಸ್ತಕ ಪತ್ರಿಕೆಗಿಂತ ಹತ್ತಿರದ ದಾಖಲೆ. ಕ್ಯಾಥೊಲಿಕ್ ಮನೆಗಳಿಗೆ ಚರ್ಚಿನ ಪುಸ್ತಕಗಳಿವೆ. ಕಾರವಾರ ಧರ್ಮಪ್ರಾಂತ್ಯ 1976ರಲ್ಲಷ್ಟೇ ಆದದ್ದು, ಅದಕ್ಕೆ ಹಿಂದಿನ ಪತ್ರವ್ಯವಹಾರ ಬೆಳಗಾವಿ, ಅದಕ್ಕೂ ಮುಂಚಿನದು ಗೋವಾ ಕಡೆಗೆ ಹೋಗುತ್ತದೆ. ಅಲ್ಲಿ ಮದುವೆಯ ಪುಸ್ತಕ ಕಳೆದಿದ್ದರೂ ದೀಕ್ಷಾಸ್ನಾನದ ಪುಸ್ತಕ ತೆಗೆಸಿ ನೋಡಿ: ದೀಕ್ಷಾಸ್ನಾನದ ನಮೂದಿನ ಪಕ್ಕದಲ್ಲಿ ಆ ವ್ಯಕ್ತಿಯ ಮದುವೆಯನ್ನೂ ಬರೆಯಬೇಕೆಂಬ ನಿಯಮ 1908ರಿಂದ ಇದೆ. ಬೇರೆ ಊರಿನಲ್ಲಿ ಮದುವೆಯಾಗಿದ್ದರೆ ಆ ಚರ್ಚಿನ ಹೆಸರೂ ಅಂಚಿನಲ್ಲೇ ಸಿಗುತ್ತದೆ.